ಸಾರುವೆಯ ಮೇಲೊಂದು ಲೋಟ ಟೀ

ಕೊನೆಗೂ ಮೇಸ್ತ್ರಿ ಅಂದುಕೊಂಡ ಹಾಗೆಯೇ ಆಯಿತು. ಭದ್ರಾವತಿಯ ತಮ್ಮ ಮನೆಯಲ್ಲಿ, ತಮ್ಮದೇ ಮಂಚದ ಮೇಲೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಹಾಗೆಯೇ ತೀರಿಕೊಂಡರು. ಅದು ಮಾಮೂಲಿ ಮಂಚವಲ್ಲ. ಅದರ ಕಾಲುಗಳನ್ನು ಅವರೇ ಗರಗಸ ಹಿಡಿದು ಕುಯ್ದು, ನೆಲದಿಂದ ಗೇಣುದ್ದಕ್ಕೆ ಇಳಿಸಿದ್ದರು. ನಿದ್ದೆಗಣ್ಣಿನಲ್ಲಿ ಉರುಳಿ ಬಿದ್ದರೆ ಏನು ಗತಿ ಎನ್ನುವುದು ಅವರ ವಾದ. ಜೀವಮಾನವಿಡೀ ಎರಡು ಮೂರು ಅಂತಸ್ತಿನ ಎತ್ತರದಲ್ಲಿ ಗಾರೆಯವರು ನಿಲ್ಲಲು ಬೊಂಬಿನ ಸಾರುವೆ ಕಟ್ಟಿಕೊಂಡಿದ್ದ ಮನುಷ್ಯ ಮಂಚದಿಂದ ಬೀಳುವುದಕ್ಕೆ ಹೆದರುತ್ತಿದ್ದರು.

ಸುದ್ದಿ ತಿಳಿಸಲು ಫೋನ್ ಮಾಡಿದ ಅವರ ಹೆಂಡತಿ ಅಳುತ್ತಲೇ, "ಬೀಳ್ಲಿಲ್ಲ ಸಾರ್, ಮಲಗಿದ್ದಲ್ಲೇ ಹೋದ್ರು" ಎಂದರು. ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಇದೆಂಥ ಮಾತು ಅಂದುಕೊಳ್ಳುತ್ತಿದ್ದರು. ನನಗೆ ಮಾತ್ರ ದುಃಖದ ನಡುವೆಯೂ ಸಮಾಧಾನವಾಯಿತು.

ನಾನು ಅವರನ್ನು ಕಂಡದ್ದು ಮನೆ ಕಟ್ಟಿಸುವಾಗ. ರವೀಂದ್ರನಗರದ ಬಾಡಿಗೆ ಮನೆಯ ಮಾಲೀಕರ ಜೊತೆ ನೀರಿನ ಮೋಟಾರಿನ ವಿಷಯಕ್ಕೆ ಜಗಳ ಆಡಿ ಆಡಿ ಸಾಕಾಗಿ, ರಾಗಿಗುಡ್ಡದ ಕಡೆ ಒಂದು ಸೈಟು ಕೊಂಡು, ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿರುವವನಿಗೆ ತುಸು ಅತಿಯೇ ಎನ್ನಿಸುವಂಥ ಎರಡಂತಸ್ತಿನ ಮನೆ ಎಬ್ಬಿಸಿದ್ದೆ. ಮೇಲಿನ ಅಂತಸ್ತು ನನ್ನದಲ್ಲ, ಮಾವನವರ ಆಸೆ. ಹೊರಗೋಡೆಗೆ ಗಾರೆ ಮಾಡುವ ಹೊತ್ತು ಬಂತು. ಕೆಲಸದವರು ನಿಲ್ಲಲು ಗೋಡೆಯುದ್ದಕ್ಕೂ ಬೊಂಬು ಕಟ್ಟಿ, ಹಲಗೆ ಹಾಸಿ ಸಾರುವೆ ಮಾಡಬೇಕು. ಅದಕ್ಕೆ ಭದ್ರಾವತಿಯಿಂದ ಬಂದವರು ಈ ಮೇಸ್ತ್ರಿ. ದಪ್ಪನೆಯ ಆಳು, ಗಿಡ್ಡ ಕಾಲು, ತಲೆಯ ಮೇಲೊಂದು ಹಳದಿ ಹೆಲ್ಮೆಟ್ಟು. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲೂ ಅದನ್ನು ತೆಗೆದಿರಲಿಲ್ಲವಂತೆ.

"ಬಸ್ಸಲ್ಲಿ ಯಾಕೆ ಮೇಸ್ತ್ರಿ?" ಎಂದು ಕೇಳಿದೆ.

"ಬಸ್ಸು ನಾನು ಓಡಿಸ್ತೀನಾ ಸಾರ್?"

ರಸ್ತೆಯ ಆಚೆ ಬದಿ ನಿಂತು ನನ್ನ ಮನೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು. "ಅಯ್ಯಪ್ಪಾ! ಏನ್ ಸಾರ್ ಇಷ್ಟೆತ್ತರ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ನನ್ನ ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿ, "ಇವರಿಗೆ ಕೆಲಸ ಬರುತ್ತೇನ್ರೀ?" ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಮೂರು ಮನೆಗೆ ಕೇಳಿಸುತ್ತದೆ.

"ಅಮ್ಮಾರೆ, ನಾನು ಹುಟ್ಟಾ ಪುಕ್ಕಲ" ಎಂದರು ಮೇಸ್ತ್ರಿ, ಏನೋ ಬಿರುದು ಹೇಳಿಕೊಳ್ಳುವವರ ಹಾಗೆ. "ಅದಕ್ಕೇ ನಾನು ಕಟ್ಟಿದ ಸಾರುವೆಯಿಂದ ಇವತ್ತಿನವರೆಗೆ ಒಬ್ಬನೂ ಕೆಳಗೆ ಬಿದ್ದಿಲ್ಲ. ಧೈರ್ಯ ಇರೋರು ಬೇಕಿದ್ರೆ ಹೇಳಿ, ಶಿವಮೊಗ್ಗದಲ್ಲೇ ಬೇಕಾದಷ್ಟು ಜನ ಸಿಗ್ತಾರೆ. ಜೊತೆಗೆ ಒಂದು ಆಂಬುಲೆನ್ಸೂ ಹೇಳಿಟ್ಕೊಳ್ಳಿ."

ಪುಕ್ಕಲುತನವನ್ನು ಮುಚ್ಚಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಆ ಪೈಕಿಯವನೇ. ಅದನ್ನು ಹೀಗೆ ಎದೆಯುಬ್ಬಿಸಿ ಹೇಳಿಕೊಳ್ಳುವವರನ್ನು ನೋಡಿದ್ದು ಅದೇ ಮೊದಲು. ಮಾತಿನ ಬಗೆಯೂ ಅವರದೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ತಮಿಳರು ತೆಲುಗರ ನಡುವೆ ಬೆಳೆದವರಾದ್ದರಿಂದ ಕೋಪ ಬಂದರೆ ತಮಿಳು, ಹೆದರಿಕೆಯಾದರೆ ತೆಲುಗು. ಕೆಲಸ ಒಪ್ಪಿಕೊಳ್ಳುವಾಗ ಮಾತ್ರ ಅಚ್ಚ ಕನ್ನಡ. ಸಾರುವೆ ಏರಿದ ಮೇಲೆ ಅವರ ಬಾಯಲ್ಲಿ ಕನ್ನಡ ಕೇಳಿಸಿದ್ದು ಕಡಿಮೆ.

ಹಗ್ಗ ಕೊಳ್ಳಲು ಒಮ್ಮೆ ಅವರ ಜೊತೆ ಗಾಂಧಿ ಬಜಾರಿಗೆ ಹೋಗಿ ನಾನು ಮರ್ಯಾದೆ ಕಳೆದುಕೊಂಡೆ. ಅಂಗಡಿಯವನು ಹಗ್ಗದ ಸುರುಳಿ ತೋರಿಸಿ, "ಆನೆ ಕಟ್ಟಿ ಎಳೆದ್ರೂ ಹರಿಯಲ್ಲ" ಎಂದ. "ಆನೆ ಎಲ್ಲಿ ತರ್ಲಿ ಮಾರಾಯ, ನಾನೇ ಇದೀನಲ್ಲ" ಎಂದ ಮೇಸ್ತ್ರಿ, ಅಂಗಡಿಯ ಮುಂದಿನ ಕಬ್ಬಿಣದ ತೊಲೆಗೆ ಹಗ್ಗ ಹಾಕಿ ಅದಕ್ಕೆ ಜೋತುಬಿದ್ದರು. ಕಾಲು ನೆಲದಿಂದ ಚೂರೇ ಚೂರು ಮೇಲೆ. ಆ ಇಕ್ಕಟ್ಟಿನ ಬೀದಿಯಲ್ಲಿ ಹೆಲ್ಮೆಟ್ಟು ಹಾಕಿಕೊಂಡ ದಪ್ಪ ಮನುಷ್ಯನೊಬ್ಬ ಕಣ್ಣು ಮುಚ್ಚಿ, ಏನನ್ನೋ ಜಪಿಸುತ್ತಾ, ಒಣಹಾಕಿದ ಚೀಲದ ಹಾಗೆ ತೂಗಾಡುತ್ತಿದ್ದರೆ ಜನ ಸೇರದೆ ಇರುತ್ತಾರೆಯೇ? ಸೀರೆ ಕೊಳ್ಳಲು ಬಂದ ಹೆಂಗಸರು ನಿಂತರು, ಆಟೋದವರು ನಿಂತರು, ಬಾಳೆಹಣ್ಣಿನ ತಳ್ಳುಗಾಡಿಯವನು ವ್ಯಾಪಾರ ಬಿಟ್ಟು ನಿಂತ. ಹೀಗೆ ಒಂದೊಂದೇ ಪರೀಕ್ಷಿಸುವಾಗ ಮೂರನೆಯ ಹಗ್ಗ ಪಟ್ಟೆಂದು ಹರಿದು ಮೇಸ್ತ್ರಿ ಕುಂಡೆಯೂರಿ ಕೂತರು. ಜನ ಗೊಳ್ಳೆಂದು ನಕ್ಕರು. ಅಂಗಡಿಯವನು ಆನೆಯ ಮಾತು ಮತ್ತೆ ಎತ್ತಲಿಲ್ಲ.

"ಎಲ್ರೂ ನಕ್ರಲ್ಲ ಮೇಸ್ತ್ರಿ" ಎಂದೆ, ದಾರಿಯಲ್ಲಿ.

"ನಗ್ಲಿ ಬಿಡಿ ಸಾರ್. ಗೇಣೆತ್ತರದಿಂದ ಬಿದ್ರೆ ನಗ್ತಾರೆ. ನಿಮ್ಮನೆ ಮೇಲಿಂದ ಬಿದ್ರೆ ಅಳ್ತಾರೆ. ಯಾವುದು ವಾಸಿ?"

ಸಾರುವೆ ಎದ್ದು ನಿಂತ ದಿನ ಅವರದೊಂದು ಪದ್ಧತಿ ಇತ್ತು. ಅದನ್ನು ಅವರು ಪೂಜೆಯಷ್ಟೇ ನೇಮದಿಂದ ಮಾಡುತ್ತಿದ್ದರು. ಗಾರೆಯವರು ಯಾರೂ ಹತ್ತುವಂತಿಲ್ಲ. ಮೊದಲು ಮೇಸ್ತ್ರಿ ಹತ್ತಬೇಕು. ಸೊಂಟಕ್ಕೆ ಬೆಲ್ಟು ಕಟ್ಟಿ, ಬೆಲ್ಟಿನ ಹಗ್ಗವನ್ನು ಕಟ್ಟಡದ ಕಂಬಕ್ಕೆ ಬಿಗಿದು, ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರನ್ನು ಕರೆಯುತ್ತಾ ಮೇಲಿನ ಹಲಗೆ ತಲುಪುತ್ತಿದ್ದರು. ಅಲ್ಲಿ ಕೂತು ಟೀ ತರಿಸಿಕೊಳ್ಳುತ್ತಿದ್ದರು. ಲೋಟದ ಕಂಠದವರೆಗೆ ಟೀ. ಕೈಯಲ್ಲಿ ಹಿಡಿದುಕೊಂಡರೆ ಉಪಯೋಗವಿಲ್ಲ, ಕೈ ಹೇಗೂ ನಡುಗುತ್ತಿರುತ್ತದೆ. ಲೋಟವನ್ನು ಹಲಗೆಯ ಮೇಲಿಟ್ಟು ತಮ್ಮ ಕಡೆಯ ಇಬ್ಬರನ್ನು ಆ ತುದಿಯಿಂದ ಈ ತುದಿಗೆ ನಡೆಸುವುದು. ಟೀ ಚೆಲ್ಲಿತೋ, ಕಟ್ಟಿದ್ದನ್ನೆಲ್ಲ ಬಿಚ್ಚು, ಬುಡದ ಮಣ್ಣು ಬಡಿದು ದಮ್ಮಸು ಮಾಡು, ಆಧಾರಕ್ಕೆ ಓರೆ ಬೊಂಬು ಸೇರಿಸು, ಮತ್ತೆ ಕಟ್ಟು. ಚೆಲ್ಲದಿದ್ದರೆ ಅಲ್ಲೇ ಕೂತು ಸೊರ್ ಎಂದು ಕುಡಿದು, "ಈಗ ಬನ್ರೋ, ಹೆದರ್ಕೊಂಡು ಬನ್ನಿ" ಎಂದು ಕೂಗುತ್ತಿದ್ದರು. ನನ್ನ ಮನೆಯ ಸಾರುವೆಗೆ ಮೂರು ಸಲ ಟೀ ಚೆಲ್ಲಿತು. ಆ ಟೀಗೆಲ್ಲ ಹಾಲು ಸಕ್ಕರೆ ನಮ್ಮ ಮನೆಯದೇ ಎಂದು ಹೆಂಡತಿ ಇವತ್ತಿಗೂ ನೆನಪಿಸುತ್ತಾಳೆ.

ಅವಳಿಗೆ ಅವರ ಮೇಲೆ ಇನ್ನೊಂದು ಸಿಟ್ಟಿತ್ತು. ಕಟ್ಟುತ್ತಿರುವ ಮನೆಗೂ ದಿನಾ ಬೆಳಿಗ್ಗೆ ಬಂದು ಬಾಗಿಲ ಮುಂದೆ ಹಾಕುತ್ತಿದ್ದ ರಂಗೋಲಿಗೆ ಅಡ್ಡ ಬರುತ್ತದೆಂದು ಅವಳು ಒಂದು ಓರೆ ಬೊಂಬನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದಳು. ಮೇಸ್ತ್ರಿ ಬಂದು ನೋಡಿ, ಮೇಲಿದ್ದವರನ್ನೆಲ್ಲ ತೆಲುಗಿನಲ್ಲಿ ಕಿರುಚಿ ಇಳಿಸಿದರು. ಆಮೇಲೆ ಕೈಮುಗಿದು, "ಅಮ್ಮಾರೆ, ರಂಗೋಲಿ ಅಳಿಸಿದ್ರೆ ನಾಳೆ ಇನ್ನೊಂದು ಬಿಡಿಸ್ಬಹುದು" ಎಂದರು. ಅಷ್ಟೇ ಹೇಳಿದ್ದು. ಅವಳು ಸಾರುವೆ ಇರುವಷ್ಟು ದಿನ ರಂಗೋಲಿಯನ್ನು ಹಿತ್ತಲ ಬಾಗಿಲಿಗೆ ಹಾಕಿದಳು.

ಇಷ್ಟೊಂದು ಹೆದರಬೇಕಾದರೆ ಯಾರೋ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡಿರಬೇಕು, ಅದರ ಹಿಂದೊಂದು ಕರುಣಾಜನಕ ಕಥೆ ಇರಬೇಕು ಎಂದು ನಾನು ಬಹಳ ದಿನ ಕಾದೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ನನ್ನನ್ನು ವಿಚಿತ್ರ ಪ್ರಾಣಿಯ ಹಾಗೆ ನೋಡಿದರು. "ಹಾವಿಗೆ ಹೆದರಕ್ಕೆ ಹಾವು ಕಚ್ಚಿಸ್ಕೊಂಡಿರ್ಬೇಕಾ ಸಾರ್?"

ಕೆಲಸಕ್ಕೆ ಜನ ಸೇರಿಸುವಾಗಲೂ ಹೆದರಿಕೆಯದೇ ಪರೀಕ್ಷೆ. "ಮೇಲೆ ನಿಂತ್ರೆ ಹೆದರಿಕೆ ಆಗುತ್ತೇನೋ?" ಎಂದು ಕೇಳುವುದು. ಆಗುತ್ತೆ ಎಂದವನಿಗೆ ಕೆಲಸ. ಇಲ್ಲ ಎಂದವನಿಗೆ ಒಂದು ಟೀ ಕುಡಿಸಿ ಮನೆಗೆ ಕಳಿಸುವುದು. ಮಂಜ ಎನ್ನುವವನೊಬ್ಬ ಹೇಗೋ ಸುಳ್ಳು ಹೇಳಿ ಸೇರಿಕೊಂಡಿದ್ದ. ಮದುವೆಯಾಗಿ ಮಕ್ಕಳಿದ್ದ ಗಟ್ಟಿಮುಟ್ಟಾದ ಆಳು, ಬೊಂಬಿನ ಗಂಟು ಹಾಕುವುದರಲ್ಲಿ ಮೇಸ್ತ್ರಿಗೇ ಸಮ. ಆದರೆ ದೇವರು ಅವನಿಗೆ ಹೆದರಿಕೆ ಎನ್ನುವುದನ್ನು ಕೊಡಲು ಮರೆತಿದ್ದ. ನನ್ನ ಮಾವನವರು ಒಂದು ದಿನ ಸೈಟಿಗೆ ಬಂದಾಗ, ಮಂಜ ಬೆಲ್ಟಿನ ಹಗ್ಗ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗೆ ಬಿಟ್ಟು ಬರೀ ಬೊಂಬಿನ ಮೇಲೆ ಬೀಡಿ ಸೇದುತ್ತಾ ನಡೆದ. ಮಾವನವರು ಚಪ್ಪಾಳೆ ತಟ್ಟಿ, "ಭಲೇ! ಗಂಡಸು ಅಂದ್ರೆ ಹೀಗಿರ್ಬೇಕು" ಎಂದರು.

ಮೇಸ್ತ್ರಿ ಬೈಯಲಿಲ್ಲ. ಬೈದರೆ ಎಲ್ಲಿ ಬೆಚ್ಚಿ ಕಾಲು ಜಾರುತ್ತಾನೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದರು. ಅವನು ಕ್ಷೇಮವಾಗಿ ಇಳಿದ ಮೇಲೆ, "ನಾಳೆಯಿಂದ ಬರ್ಬೇಡ" ಎಂದರು.

"ಯಾಕೆ ಮೇಸ್ತ್ರಿ? ನನ್ನ ಕೆಲಸದಲ್ಲಿ ಏನು ತಪ್ಪು?"

"ಕೆಲಸ ಚಿನ್ನದಂಗಿದೆ. ನಿನಗೆ ಹೆದರಿಕೆ ಇಲ್ಲ. ನಿನ್ನ ಪಾಲಿಂದೂ ಸೇರಿಸಿ ನಾನೊಬ್ನೇ ಎಷ್ಟು ಅಂತ ಹೆದರ್ಲಿ ಮಾರಾಯ? ನನಗೂ ವಯಸ್ಸಾಯ್ತು."

ಮಂಜ ಮುಖ ಊದಿಸಿಕೊಂಡು ಹೋದ. ನಮ್ಮ ಮಾವನವರು ಅವನ ಫೋನ್ ನಂಬರ್ ಇಸಿದುಕೊಂಡದ್ದನ್ನು ನಾನು ಆಗ ಗಮನಿಸಲಿಲ್ಲ.

ಗೃಹಪ್ರವೇಶದ ಮುಹೂರ್ತವನ್ನು ಮಾವನವರೇ ಇಟ್ಟರು. ಹೊರಗಿನ ಬಣ್ಣ ಆಗಿರಲಿಲ್ಲ. ಮುಂಭಾಗದ ಸಾರುವೆ ಇನ್ನೂ ನಿಂತಿತ್ತು. ಬಣ್ಣಕ್ಕೆ ಮುಹೂರ್ತ ಇಲ್ಲವಲ್ಲ, ಆಮೇಲೆ ಹೊಡೆಸಿದರಾಯಿತು ಎಂದರು. ನಮ್ಮ ಕಡೆ ಅರ್ಧ ಮನೆಗಳು ಹೀಗೆಯೇ ಒಕ್ಕಲಾಗುವುದು. ಮೇಸ್ತ್ರಿಗೂ ಆಮಂತ್ರಣ ಕೊಟ್ಟಿದ್ದೆ. ಅವತ್ತು ಅವರು ಬಿಳಿ ಪಂಚೆ, ಗರಿಗರಿ ಅಂಗಿ, ಅದರ ಮೇಲೆ ಅದೇ ಹೆಲ್ಮೆಟ್ಟಿನಲ್ಲಿ ಬಂದರು. ಬಂದವರೇ ಗೇಟಿನಲ್ಲಿ ಕಲ್ಲಾಗಿ ನಿಂತರು.

ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಸಿಮೆಂಟ್ ರಸ್ತೆಯಲ್ಲಿ ಗೂಟ ಹೊಡೆಯಲು ಜಾಗ ಸಿಗದೆ, ಶಾಮಿಯಾನದವನು ಒಂದು ಕಡೆಯ ಹಗ್ಗಗಳನ್ನೆಲ್ಲ ಸಾರುವೆಯ ಬೊಂಬಿಗೆ ಕಟ್ಟಿದ್ದ. ಕಟ್ಟಲು ಇಷ್ಟು ಅನುಕೂಲವಾದ ಕಂಬಗಳು ಎದುರಿಗೇ ಇರುವಾಗ ಅವನದಾದರೂ ಏನು ತಪ್ಪು? ನಾನೇ ಬೆಳಿಗ್ಗೆ ಅದನ್ನು ನೋಡಿ, ಪರವಾಗಿಲ್ಲ, ಬುದ್ಧಿವಂತ ಅಂದುಕೊಂಡಿದ್ದೆ.

"ಸಾರ್, ಇದು ಜನ ನಿಲ್ಲಕ್ಕೆ ಕಟ್ಟಿದ್ದು. ಶಾಮಿಯಾನ ಎಳೆಯಕ್ಕೆ ಕಟ್ಟಿದ್ದಲ್ಲ. ಗುಡ್ಡದ ಕಡೆಯಿಂದ ಗಾಳಿ ಬಂತು ಅಂದ್ರೆ ಸಾರುವೇನೇ ಕಿತ್ಕೊಂಡು ಬರುತ್ತೆ" ಎಂದರು ಮೇಸ್ತ್ರಿ. ಆಗಲೇ ತೆಲುಗು ಇಣುಕುತ್ತಿತ್ತು.

ಆದರೆ ಕೆಳಗೆ ಮೊದಲ ಪಂಕ್ತಿ ಕೂತುಬಿಟ್ಟಿತ್ತು. ಹೋಳಿಗೆ ಬಡಿಸುತ್ತಿದ್ದರು. ಈಗ ಹಗ್ಗ ಬಿಚ್ಚಿದರೆ ಶಾಮಿಯಾನ ನೆಂಟರ ತಲೆಯ ಮೇಲೆಯೇ ಬೀಳುತ್ತದೆ. ಪಂಕ್ತಿ ಏಳುವವರೆಗೆ ಕಾಯಬೇಕು, ಅಲ್ಲಿಯವರೆಗೆ ಸಾರುವೆ ಹತ್ತಿರ ನರಪಿಳ್ಳೆ ಹೋಗಕೂಡದು ಎಂದು ಮೇಸ್ತ್ರಿ ಹೇಳುತ್ತಿರುವಾಗಲೇ ಮಾವನವರು ಬಂದರು. ಅವರ ಹಿಂದೆ ಮಂಜ. ಮಂಜನ ಕೈಯಲ್ಲಿ ದೊಡ್ಡದೊಂದು ದೃಷ್ಟಿಗೊಂಬೆ, ನಾಲಗೆ ಚಾಚಿ ಎಲ್ಲರನ್ನೂ ಅಣಕಿಸುತ್ತಿತ್ತು. ಅದನ್ನು ರಾಹುಕಾಲ ಶುರುವಾಗುವುದರೊಳಗೆ ಮೇಲಂತಸ್ತಿನ ನೆತ್ತಿಗೆ ಕಟ್ಟಬೇಕಂತೆ. ಅದಕ್ಕೆಂದೇ ಮಾವನವರು ಮಂಜನನ್ನು ಫೋನ್ ಮಾಡಿ ಕರೆಸಿದ್ದರು.

ಮೇಸ್ತ್ರಿ ಹೋಗಿ ಸಾರುವೆಯ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ದೇಹ ಅಲ್ಲಿ ಕೂತ ಮೇಲೆ ಬೆಕ್ಕೂ ನುಸುಳುವ ಹಾಗಿರಲಿಲ್ಲ.

"ಏಳ್ರೀ ಮೇಲೆ" ಎಂದರು ಮಾವ.

"ನಾನಿನ್ನೂ ಊಟ ಮಾಡಿಲ್ಲ ಯಜಮಾನ್ರೇ. ಇಲ್ಲೇ ಒಂದು ಎಲೆ ಕೊಡ್ಸಿ."

ಗೃಹಪ್ರವೇಶದ ದಿನ ಊಟ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ಎಲೆ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡರು. ಕೋಸಂಬರಿ, ಪಲ್ಯ, ಚಿತ್ರಾನ್ನ ಒಂದೊಂದಾಗಿ ಬಂತು. ಅಷ್ಟು ನಿಧಾನವಾಗಿ ಹೋಳಿಗೆ ತಿಂದವರನ್ನು ನಾನು ಕಂಡಿಲ್ಲ. ಮಂಜ ಗೊಂಬೆ ಹಿಡಿದು ಎದುರಿಗೆ ನಿಂತು, "ಬಿಡಿ ಮೇಸ್ತ್ರಿ, ಒಂದು ನಿಮಿಷದ ಕೆಲಸ. ಕೆಲಸದಿಂದ ತೆಗೆದ್ರಿ, ಇದಕ್ಕೂ ಕಲ್ಲು ಹಾಕ್ತೀರಲ್ಲ" ಎಂದ. ನೆಂಟರೆಲ್ಲ ನೋಡುತ್ತಿದ್ದರು.

"ತುಪ್ಪ" ಎಂದರು ಮೇಸ್ತ್ರಿ, ಬಡಿಸುವವನ ಕಡೆ ತಿರುಗಿ.

ಪಂಕ್ತಿ ಎದ್ದಿತು. ಎರಡನೆಯ ಪಂಕ್ತಿಯವರು ಮುನ್ನುಗ್ಗಿದರು. ಮೇಸ್ತ್ರಿ ಎಂಜಲು ಕೈ ಅಡ್ಡ ಹಿಡಿದು, ಹಗ್ಗ ಬಿಚ್ಚುವವರೆಗೆ ಯಾರೂ ಕೂರಬಾರದು, ಎಲ್ಲ ಒಳಗೆ ಹೋಗಿ ಎಂದು ಕೂಗಿದರು. ಹಸಿದವರ ಮುಖ ನೋಡುವ ಹಾಗಿರಲಿಲ್ಲ. ನಮ್ಮ ದೊಡ್ಡಮ್ಮ ಒಬ್ಬರು, "ಯಾರೇ ಇವನು, ಗೃಹಪ್ರವೇಶದ ದಿನ ಎಲೆ ಮುಂದಿಂದ ಎಬ್ಬಿಸೋನು?" ಎಂದರು. ಮಾವನವರು ನನ್ನ ಕಡೆ ತಿರುಗಿ, "ಅಳಿಯಂದಿರೇ, ಇದು ನಿಮ್ಮ ಮನೆಯೋ ಈ ಮೇಸ್ತ್ರಿ ಮನೆಯೋ?" ಎಂದು ಗುಡುಗಿದರು. ನನಗೆ ಮಾವನ ಹೆದರಿಕೆಯೂ ಇತ್ತು, ಮೇಸ್ತ್ರಿ ಹೇಳಿದ ಎತ್ತರದ ಹೆದರಿಕೆಯೂ ಇತ್ತು. "ಎಲ್ಲ ಸ್ವಲ್ಪ ಒಳಗೆ ಬನ್ನಿ" ಎಂದೆ. ಎತ್ತರದ ಹೆದರಿಕೆಯೇ ಗೆದ್ದಿತು.

ಜನ ಗೊಣಗುತ್ತಾ ಹಾಲಿನೊಳಗೆ ತುಂಬಿಕೊಂಡರು. ಊಟಕ್ಕೆ ಬಂದಿದ್ದ ಮೇಸ್ತ್ರಿಯ ಕಡೆಯವರು ಮೊದಲ ಹಗ್ಗಕ್ಕೆ ಕೈ ಹಾಕಿದ್ದರಷ್ಟೇ. ರಾಗಿಗುಡ್ಡದ ಕಡೆಯಿಂದ ಗಾಳಿ ಬೀಸಿತು. ದೊಡ್ಡ ಬಿರುಗಾಳಿಯೇನಲ್ಲ, ಮಧ್ಯಾಹ್ನಗಳಲ್ಲಿ ಅಲ್ಲಿ ದಿನವೂ ಬರುವ ಗಾಳಿ. ಶಾಮಿಯಾನ ಒಮ್ಮೆ ಹೊಟ್ಟೆ ಉಬ್ಬಿಸಿತು. ಹಗ್ಗಗಳೆಲ್ಲ ಒಟ್ಟಿಗೆ ಬಿಗಿದವು. ಮೇಸ್ತ್ರಿ ತಮ್ಮ ಕಡೆಯವರಿಗೆ ಓಡಿ ಎಂದು ಕಿರುಚಿ, ಎಲೆ ಎಸೆದು, ಮಂಜನ ಕೊರಳಪಟ್ಟಿ ಹಿಡಿದು ಬಾಗಿಲ ಕಡೆ ಓಡಿದರು. ಅಷ್ಟು ದಪ್ಪ ಮನುಷ್ಯ ಅಷ್ಟು ಜೋರಾಗಿ ಓಡಿದ್ದು ಹೆದರಿಕೆಯ ಬಲದಿಂದಲೇ. ಹಿಂದೆ ಸಾರುವೆಯ ಮೇಲಿನ ಸಾಲು ಲಟಲಟ ಎಂದು ಮುರಿದು, ಹಲಗೆಗಳ ಸಮೇತ ಊಟದ ಟೇಬಲ್ಲುಗಳ ಮೇಲೆ ಬಿತ್ತು.

ಧೂಳು ಇಳಿದ ಮೇಲೆ ನೋಡಿದೆವು. ಪೆಟ್ಟಾದದ್ದು ಎರಡಕ್ಕೆ: ಪಾಯಸದ ಕೊಳಗಕ್ಕೆ ಮತ್ತು ನಮ್ಮ ಮಾವನವರ ಗತ್ತಿಗೆ. ಎರಡೂ ಮತ್ತೆ ಮೊದಲಿನ ಆಕಾರಕ್ಕೆ ಬರಲಿಲ್ಲ. ಎಲೆ ಮುಂದಿಂದ ಎಬ್ಬಿಸಿದವನನ್ನು ಬೈದ ದೊಡ್ಡಮ್ಮ ತಾವು ಹಿಡಿದಿಟ್ಟುಕೊಂಡಿದ್ದ ಕುರ್ಚಿಯನ್ನೇ ನೋಡುತ್ತಾ ನಿಂತಿದ್ದರು. ಅದರ ಮೇಲೊಂದು ಹಲಗೆ ಬಿದ್ದಿತ್ತು.

ಮಂಜ ಮಾತ್ರ ಕುರ್ಚಿ ನೋಡುತ್ತಿರಲಿಲ್ಲ. ಮೇಲೆ, ಗೊಂಬೆ ಕಟ್ಟಬೇಕಿದ್ದ ಜಾಗ ನೋಡುತ್ತಿದ್ದ. ಅಲ್ಲಿ ಈಗ ಬೊಂಬೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಗೊಂಬೆಯನ್ನು ಕೆಳಗಿಟ್ಟು ಜಗುಲಿಯ ಮೇಲೆ ಕೂತ. ಮೇಸ್ತ್ರಿ ಪಕ್ಕದಲ್ಲಿ ಕೂತರು. ಗೆದ್ದೆ ಎನ್ನುವ ಗರ್ವದ ಒಂದು ಗೆರೆಯೂ ಆ ಮುಖದಲ್ಲಿ ಇರಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

"ಈಗ ಹೆದರಿಕೆ ಆಯ್ತೇನೋ?" ಎಂದು ಕೇಳಿದರು.

"ಆಯ್ತು ಮೇಸ್ತ್ರಿ."

"ನಿಜವಾಗ್ಲೂ?"

"ನಿಜವಾಗ್ಲೂ ಆಯ್ತಣ್ಣ."

"ಹಂಗಾದ್ರೆ ನಾಳೆಯಿಂದ ಕೆಲಸಕ್ಕೆ ಬಾ."

ಆಮೇಲಿನ ವರ್ಷಗಳಲ್ಲಿ ಮೇಸ್ತ್ರಿಯ ಮಂಡಿ ಸವೆದು, ಮಂಜನೇ ಮೇಸ್ತ್ರಿಯಾದ. ಇವರು ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಮೇಲಿದ್ದವರ ಪರವಾಗಿ ಹೆದರುತ್ತಿದ್ದರಂತೆ. ಅದಕ್ಕೂ ಮಂಜ ಕೂಲಿ ಕೊಡುತ್ತಿದ್ದನಂತೆ.

ಮೊನ್ನೆ ಸಾವಿನ ಸುದ್ದಿ ಬಂದು ನಾನೂ ಹೆಂಡತಿಯೂ ಭದ್ರಾವತಿಗೆ ಹೋದಾಗ ಅವರ ಮನೆಯ ಮುಂದಿನ ಬೀದಿ ಜನರಿಂದ ತುಂಬಿತ್ತು. ಅವರ ಕೈಕೆಳಗೆ ದುಡಿದವರೆಲ್ಲ ಬಂದಿದ್ದರು. ಮುದುಕರು, ನಡುವಯಸ್ಸಿನವರು, ಎಲ್ಲರೂ ತಮ್ಮ ತಮ್ಮ ಎರಡು ಕಾಲಿನ ಮೇಲೆ ನಡೆದು ಬಂದಿದ್ದರು. ಅಂಗಳದಲ್ಲಿ ನೆಂಟರು ಯಾರೋ ಎರಡು ಬೊಂಬು, ಒಂದಷ್ಟು ಅಡ್ಡಪಟ್ಟಿ ಸೇರಿಸಿ ಅವಸರದಲ್ಲಿ ಚಟ್ಟ ಕಟ್ಟಿ ಮುಗಿಸಿದ್ದರು. ಮಂಜ ಬಗ್ಗಿ ಒಂದು ಗಂಟನ್ನು ಬೆರಳಲ್ಲಿ ಎಳೆದ. ಅದು ಜಾರಿತು.

"ಬಿಚ್ರೋ ಇದನ್ನ" ಎಂದ.

"ಹೊಳೆ ದಂಡೆವರೆಗೆ ತಾನೇ ಮಂಜಣ್ಣ? ಅದಕ್ಕೆ ಇಷ್ಟ್ಯಾಕೆ?" ಎಂದರು ನೆಂಟರು.

"ಅವ್ರಿಗೆ ಹೆದರಿಕೆ ಆಗುತ್ತೆ" ಎಂದ ಮಂಜ.

ನಾಲ್ಕಾರು ಜನ ಕೂತು ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದರು. ಅಡ್ಡಪಟ್ಟಿ ಹೆಚ್ಚಿಸಿದರು. ಎರಡು ಬದಿಗೂ ಹಿಡಿಕೆಯ ಹಾಗೆ ಒಂದೊಂದು ಗಳ ಬಿಗಿದರು. ಅಂಥ ಚಟ್ಟವನ್ನು ಭದ್ರಾವತಿ ಕಂಡಿರಲಾರದು. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಬಂದವರಿಗೆ ಪಕ್ಕದ ಮನೆಯಿಂದ ಟೀ ಬರುತ್ತಿತ್ತು. ಮಂಜ ಒಂದು ಲೋಟ ತೆಗೆದುಕೊಂಡ. ಅದಕ್ಕೆ ಇನ್ನೊಂದು ಲೋಟದಿಂದ ಸುರಿದು ಕಂಠದವರೆಗೆ ತುಂಬಿಸಿದ. ಬರಿಯ ಚಟ್ಟದ ನಡುವೆ ಇಟ್ಟ. ನಾಲ್ವರು ಹೆಗಲು ಕೊಟ್ಟು ಎತ್ತಿದರು. ಅಂಗಳದ ಆ ತುದಿಯಿಂದ ಈ ತುದಿಗೆ ನಡೆದರು. ಹೊಸಬರು ಕೆಲವರು ಬಾಯಿ ತೆರೆದು ನೋಡಿದರು. ಒಬ್ಬಿಬ್ಬರಿಗೆ ನಗು ಬಂತು. ನನಗೂ ಬಂತು, ಕಣ್ಣಲ್ಲಿ ನೀರೂ ಬಂತು.

ಮೇಸ್ತ್ರಿಯ ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಇಳಿಸಿದ ಮೇಲೆ ಹತ್ತಿರ ಬಂದು ಬಗ್ಗಿ, ಲೋಟದ ಸುತ್ತ ಬೊಂಬಿನ ಮೇಲೆ ಬೆರಳಾಡಿಸಿದರು. ಒಣಗಿಯೇ ಇತ್ತು. "ಹೂಂ, ಮಲಗ್ಸಿ" ಎಂದರು.

ಮಂಜ ಮುಂದಿನ ಹೆಗಲು ಕೊಟ್ಟ. ಉಳಿದವರ ಕಡೆ ತಿರುಗಿ ನೋಡಿದ.

"ಹೆದರ್ಕೊಂಡು ನಡೀರೋ. ಮೇಸ್ತ್ರಿ ಮೇಲಿದಾರೆ."